ಅಸಲಿ ನೋಟಿಸು ಇಂಗ್ಲಿಷಿನಲ್ಲಿ, ನಕಲಿ ಫೋನು ಕನ್ನಡದಲ್ಲಿ

ಈ ವಾರ ಜೀವಾಮೃತದ ಮಾತಿಲ್ಲ, ತೆಂಗಿನ ಕಪ್ಪುತಲೆ ಹುಳುವಿನ ಮಾತೂ ಇಲ್ಲ. ಆದಾಯ ತೆರಿಗೆ ಇಲಾಖೆಯಿಂದ ಬರುವ ರಿಫಂಡ್ ನೋಟಿಸಿನ ಬಗ್ಗೆ ಬರೀತಿದ್ದೀನಿ. "ನಾವು ರೈತರು, ನಮಗೆಲ್ಲಿಯ ತೆರಿಗೆ, ನಮಗ್ಯಾಕೆ ಈ ವಿಷಯ" ಅಂತ ಪುಟ ಮುಚ್ಚಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಸೋದರತ್ತೆಯೂ ಹಾಗೇ ಅಂದುಕೊಂಡಿದ್ದರು. ನನಗೆ ಆ ಮಾತಿನಿಂದ ಒಂದು ಬೇಸಿಗೆಯ ಡ್ರಿಪ್ ಕೆಲಸ ನಿಂತಿತು. ಅತ್ತೆಗೆ 41,000 ರೂಪಾಯಿ ಹೋಯಿತು.

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಅದು ನಿಜ. ಆದರೆ ಇವತ್ತಿನ ರೈತನ ಮನೆಗೆ ಬರುವ ಹಣವೆಲ್ಲ ಕೃಷಿ ಆದಾಯ ಅಲ್ಲ. ಬ್ಯಾಂಕಿನಲ್ಲಿಟ್ಟ ಡಿಪಾಸಿಟ್ಟಿನ ಬಡ್ಡಿ ಅಲ್ಲ. ಡೈರಿಗೆ ಹಾಕುವ ಹಾಲಿನ ದುಡ್ಡು ಅಲ್ಲ, ಕೋಳಿ ಸಾಕಣೆಯದೂ ಅಲ್ಲ. ನರ್ಸರಿಯಲ್ಲಿ ಬೆಳೆಸಿದ ಸಸಿ ಮಾರಿದರೆ ಅದು ಕೃಷಿ ಆದಾಯವೇ. ಆದರೆ ನಿಮ್ಮದೇ ತೋಟದ ಕಾಯಿಯನ್ನು ಗಾಣಕ್ಕೆ ಹಾಕಿ ಎಣ್ಣೆ ಮಾಡಿ ಮಾರಿದರೆ, ಕಾಯಿಯ ಪೇಟೆ ಬೆಲೆಯಷ್ಟು ಮಾತ್ರ ಕೃಷಿ ಲೆಕ್ಕಕ್ಕೆ, ಮೇಲಿನ ಲಾಭ ವ್ಯಾಪಾರದ ಲೆಕ್ಕಕ್ಕೆ. ಇಂಥ ಕೃಷಿಯೇತರ ಹಣ ಕೊಡುವವರಲ್ಲಿ ಬ್ಯಾಂಕು, ಕಂಪನಿಗಳಂಥವರು ಕೊಡುವ ಮೊದಲೇ ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಿರುತ್ತಾರೆ. ನಮ್ಮ ಒಟ್ಟು ಆದಾಯ ತೆರಿಗೆ ಮಿತಿಯೊಳಗೇ ಇದ್ದರೆ ಆ ಹಣ ನಮಗೆ ವಾಪಸ್ ಬರಬೇಕು. ಅದೇ ರಿಫಂಡ್. ಅದು ಸರ್ಕಾರದ ಸಬ್ಸಿಡಿ ಅಲ್ಲ, ಯಾರ ದಾನವೂ ಅಲ್ಲ, ನಮ್ಮದೇ ದುಡ್ಡು.

ನನ್ನ ಕಥೆ

ತೋಟಗಾರಿಕೆ ಪದವಿ ಮುಗಿಸಿ ಒಂದು ಬೀಜದ ಕಂಪನಿಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ಬಿಟ್ಟು, ತಿಪಟೂರು ಕಡೆಯ ನಮ್ಮ ತೋಟಕ್ಕೆ ವಾಪಸ್ ಬಂದವನು ನಾನು. ತೆಂಗಿನ ನಡುವೆ ಬಾಳೆ, ಅರಿಶಿನ, ನುಗ್ಗೆ, ಎಲ್ಲ ಸಾವಯವ. ತೋಟದ ಜೊತೆಗೆ ಒಂದು ಸಂಸ್ಥೆಗೆ ರೈತ ತರಬೇತಿ, ಸಲಹೆ ಕೊಡುತ್ತಿದ್ದೆ. 2022-23ರಲ್ಲಿ ಅದರಿಂದ ಬಂದದ್ದು 1,84,000. ಅದರಲ್ಲಿ ಹತ್ತು ಪರ್ಸೆಂಟ್, ಅಂದರೆ 18,400 ಟಿಡಿಎಸ್ ಹಿಡಿದಿದ್ದರು. ತೆರಿಗೆ ಕಟ್ಟುವಷ್ಟು ಆದಾಯ ನನ್ನದಲ್ಲ, ಹಾಗಾಗಿ ಪೂರ್ತಿ ವಾಪಸ್ ಬರಬೇಕಿತ್ತು. ಬೇಸಿಗೆಗೆ ಮುಂಚೆ ಬಾಳೆ ತಾಕಿನ ಹಳೇ ಲ್ಯಾಟರಲ್ ಪೈಪು ಬದಲಿಸೋದಕ್ಕೆ ಆ ಹಣ ಅಂತ ಲೆಕ್ಕ ಹಾಕಿದ್ದೆ.

ಜುಲೈ 2023ರಲ್ಲಿ ಪೇಟೆಯ ಒಂದು ಸೈಬರ್ ಸೆಂಟರಿನಲ್ಲಿ ರಿಟರ್ನ್ ಹಾಕಿಸಿದೆ. ಸೆಂಟರಿನ ಹುಡುಗ ಎಲ್ಲರಿಗೂ ಹಾಕೋ ಹಾಗೆ ಐಟಿಆರ್-1 ಹಾಕಿದ. ಅವನನ್ನು ಬೈಯಲ್ಲ. ನಾನು ಓದಿದವನು, ನಾನೇ ನೋಡಬೇಕಿತ್ತು. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ಬರಲ್ಲ, ಐಟಿಆರ್-4 ಕೂಡ ಬರಲ್ಲ. ವೃತ್ತಿಯ ಆದಾಯವೂ ಇದ್ದರೆ ಐಟಿಆರ್-3 ಹಾಕಬೇಕು. ಇನ್ನೊಂದು ದೊಡ್ಡ ತಪ್ಪು: ಫಾರಂನಲ್ಲಿ ಹಾಕಿದ್ದ ಇಮೇಲ್ ಮತ್ತು ಮೊಬೈಲ್ ನಂಬರ್ ಸೆಂಟರಿನವು. ಸೆಪ್ಟೆಂಬರಿನಲ್ಲಿ "ನಿಮ್ಮ ರಿಟರ್ನ್ ದೋಷಪೂರಿತ" ಅಂತ ನೋಟಿಸು ಬಂದದ್ದು ಅಲ್ಲಿಗೆ. ಯಾವುದೋ ಪಹಣಿ ತೆಗೆಸೋಕೆ ಹೋದಾಗ ಹುಡುಗ "ಸಾರ್, ನಿಮ್ಮದೊಂದು ಮೇಲ್ ಬಂದಿತ್ತು" ಅಂದ. ಉತ್ತರ ಕೊಡೋಕೆ ಇದ್ದದ್ದು 15 ದಿನ, ಅಷ್ಟರಲ್ಲಿ 11 ಕಳೆದಿತ್ತು. ಉಳಿದ ನಾಲ್ಕು ದಿನದಲ್ಲಿ ಒಬ್ಬರು ತೆರಿಗೆ ಸಲಹೆಗಾರರನ್ನು ಹಿಡಿದು ಸರಿಯಾದ ಫಾರಂ ಹಾಕಿದೆ.

ಮುಗಿಯಿತು ಅಂದುಕೊಂಡೆ. ಡಿಸೆಂಬರಿನಲ್ಲಿ ಇನ್ನೊಂದು ಬಂತು. ಈ ಸಲ ನನ್ನದೇ ಮೇಲಿಗೆ. ಎರಡು ಪುಟದ ಇಂಗ್ಲಿಷು. ಮೂರು ಸಲ ಓದಿದ ಮೇಲೆ ಅರ್ಥ ಆದದ್ದು ಇಷ್ಟು: 2016-17ರ ಅಸೆಸ್‌ಮೆಂಟ್ ವರ್ಷದ್ದು 6,270 ರೂಪಾಯಿ ಬಾಕಿ ಇದೆ, ನಿಮ್ಮ ರಿಫಂಡಿನಲ್ಲಿ ಅದನ್ನು ಮುರಿದುಕೊಳ್ಳುತ್ತೇವೆ, ಒಪ್ಪಿಗೆಯೋ ಇಲ್ಲವೋ ಹೇಳಿ. ಎಲ್ಲಿಯ ಬಾಕಿ? ಬೀಜದ ಕಂಪನಿಯ ಕಾಲದ್ದು. ಸಂಬಳದಲ್ಲಿ ತೆರಿಗೆ ಹಿಡಿದದ್ದು ಫಾರಂ 16ರಲ್ಲಿ ಇತ್ತು, ಆದರೆ ಇಲಾಖೆಯ ಲೆಕ್ಕದಲ್ಲಿ ಒಂದು ತ್ರೈಮಾಸಿಕದ ಹಣ ನನ್ನ ಹೆಸರಿಗೆ ಜಮಾ ಆಗಿರಲಿಲ್ಲ.

ಹಳೇ ಸಣ್ಣ ಬಾಕಿಗಳನ್ನು ಸರ್ಕಾರ ಕೈಬಿಟ್ಟದ್ದು ಹಲವರಿಗೆ ನೆನಪಿರಬಹುದು. 2024ರ ಫೆಬ್ರವರಿ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದರು: 2009-10ರ ಹಣಕಾಸು ವರ್ಷದವರೆಗಿನ 25,000 ಒಳಗಿನ ಬಾಕಿ, 2010-11ರಿಂದ 2014-15ರವರೆಗಿನ 10,000 ಒಳಗಿನ ಬಾಕಿ ಬಿಟ್ಟಿದ್ದೇವೆ ಅಂತ. ನನ್ನದು 2015-16ರದ್ದು. ಒಂದೇ ವರ್ಷದಲ್ಲಿ ತಪ್ಪಿತು!

ಟ್ರಂಕು ಹುಡುಕಿ ಫಾರಂ 16 ತೆಗೆದೆ. "ಒಪ್ಪುವುದಿಲ್ಲ" ಅಂತ ಒತ್ತಿ, ಕಾರಣ ಬರೆದು, ಫಾರಂ 16 ಲಗತ್ತಿಸಿದೆ. ಸಂಬಳದಿಂದ ತೆರಿಗೆ ಹಿಡಿದ ಮೇಲೆ ಅದನ್ನೇ ಮತ್ತೆ ನೌಕರನ ಹತ್ತಿರ ಕೇಳುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇದೆ, ಹಳೆಯ ಕಾಯ್ದೆಯ ಸೆಕ್ಷನ್ 205. ಅದನ್ನೂ ಬರೆದೆ. ತಿಂಗಳುಗಳು ಕಳೆದವು. ಕೊನೆಗೆ 18,400 ಪೂರ್ತಿ ಬಂತು, ಸ್ವಲ್ಪ ಬಡ್ಡಿಯೂ ಸೇರಿ. ಅಷ್ಟೊತ್ತಿಗೆ ಬೇಸಿಗೆ ಮುಗಿದು ಮುಂಗಾರು ಶುರುವಾಗಿತ್ತು. ಸೋರುವ ಪೈಪಿನಲ್ಲೇ ಆ ಬೇಸಿಗೆ ತಳ್ಳಿದೆ. ಬಾಳೆ ಗೊನೆ ಸಣ್ಣದಾದವು. ಆದರೂ ಹಣ ಉಳಿಯಿತು.

ಅತ್ತೆಯ ಕಥೆ

ಅತ್ತೆಗೆ 64. ಹೆದ್ದಾರಿ ಅಗಲ ಮಾಡುವಾಗ ಅವರ ತೆಂಗಿನ ತೋಟದ ಒಂದು ಭಾಗ ಹೋಯಿತು. ಪರಿಹಾರದ ಹಣಕ್ಕೆ ತೆರಿಗೆ ಇರಲಿಲ್ಲ. ಅದರಲ್ಲಿ 14 ಲಕ್ಷ ಬ್ಯಾಂಕಿನಲ್ಲಿ ಡಿಪಾಸಿಟ್ ಇಟ್ಟರು. ಆ ಹಣದ ಬಡ್ಡಿಗೆ ಮಾತ್ರ ತೆರಿಗೆ ನಿಯಮ ಅನ್ವಯಿಸುತ್ತೆ. ಮೊದಲ ಪೂರ್ತಿ ವರ್ಷ 98,000 ಬಡ್ಡಿ ಬಂತು. ಅದರಲ್ಲಿ 19,600 ಹಿಡಿದರು, ಅಂದರೆ ಇಪ್ಪತ್ತು ಪರ್ಸೆಂಟ್. ಯಾಕೆ ಅಷ್ಟು? ಪ್ಯಾನ್‌ಗೆ ಆಧಾರ್ ಜೋಡಣೆ ಆಗಿರಲಿಲ್ಲ. 2023ರ ಜುಲೈ 1ರಿಂದ ಅಂಥ ಪ್ಯಾನ್ ನಿಷ್ಕ್ರಿಯ. ಟಿಡಿಎಸ್ ಜಾಸ್ತಿ ಹಿಡೀತಾರೆ, ತೆರಿಗೆ ಹಿಡಿಯಬೇಡಿ ಅಂತ ಬ್ಯಾಂಕಿಗೆ ಆಗ ಕೊಡುತ್ತಿದ್ದ 15ಎಚ್ ಫಾರಂ ನಡೆಯುತ್ತಿರಲಿಲ್ಲ, ರಿಟರ್ನ್ ಹಾಕಿದರೂ ಜೋಡಣೆ ಆಗೋವರೆಗೆ ರಿಫಂಡ್ ಕೈಗೆ ಬರಲ್ಲ.

ರಿಟರ್ನ್ ಹಾಕಿಸಿದೆವು. ಕೆಲವು ವಾರಗಳಾದ ಮೇಲೆ ಅತ್ತೆಯ ಫೋನಿಗೆ ಇಂಗ್ಲಿಷಿನಲ್ಲಿ ಮೆಸೇಜು ಬಂತು. ಅದನ್ನು ಹಿಡಿದುಕೊಂಡು ತೋಟಕ್ಕೇ ಬಂದರು. "ಇದೇನೋ ಬಂದೈತೆ, ನೋಡೋ ಮಗಾ" ಅಂದರು. ಆವತ್ತು ಬಾಳೆ ಕಟಾವು, ಗಾಡಿ ಬಂದು ನಿಂತಿತ್ತು. "ಆಮೇಲೆ ನೋಡೋಣ ಅತ್ತೆ, ಏನಾಗಲ್ಲ ಬಿಡಿ" ಅಂದೆ. ಆ "ಆಮೇಲೆ" ಬರಲೇ ಇಲ್ಲ.

ಹದಿನೈದು ದಿನಕ್ಕೆ ಅವರಿಗೊಂದು ಫೋನು ಬಂತು. ಒಳ್ಳೇ ಕನ್ನಡದಲ್ಲಿ ಮಾತು. "ಅಮ್ಮಾ, ಇನ್‌ಕಮ್ ಟ್ಯಾಕ್ಸ್ ಆಫೀಸಿಂದ ಮಾತಾಡ್ತಿರೋದು. ನಿಮ್ಮ ರಿಫಂಡ್ ನಿಂತಿದೆ, ಆಧಾರ್ ಲಿಂಕ್ ಆಗಿಲ್ಲ. ಗಾಬರಿ ಬೇಡಿ, ನಾನೇ ಮಾಡಿಕೊಡ್ತೀನಿ. ಒಂದು ನಂಬರ್ ಬರುತ್ತೆ, ಹೇಳಿ." ಅತ್ತೆ ನಂಬರ್ ಹೇಳಿದರು. 41,000 ಹೋಯಿತು. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೇ ದಿನ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದವರನ್ನು ನಮ್ಮಮ್ಮ ಕೇಳಿದಾಗ ಹೊರಗೆ ಬಂತು. ಸೈಬರ್ ವಂಚನೆಗೆ 1930 ನಂಬರ್ ಇದೆ, ಎಷ್ಟು ಬೇಗ ಫೋನ್ ಮಾಡುತ್ತೇವೋ ಅಷ್ಟು ಹಣ ತಡೆಯುವ ಸಾಧ್ಯತೆ. ನಾಲ್ಕು ದಿನ ಕಳೆದಿತ್ತು. ಅವರ ಹಣ ಸಿಗಲಿಲ್ಲ.

"ನಿನ್ನನ್ನ ಇನ್ನೊಂದು ಸಲ ಕೇಳೋಕೆ ಸಂಕೋಚ ಆಯ್ತು ಕಣೋ. ಅವನಾದ್ರೆ ತಿಳಿಯೋ ಹಾಗೆ ಹೇಳಿದ" ಅಂದರು ಅತ್ತೆ. ಈ ಮಾತು ನನಗೆ ಇನ್ನೂ ಚುಚ್ಚುತ್ತೆ.

ನನ್ನ ವಾದ ಇಷ್ಟೇ

ಅಸಲಿ ನೋಟಿಸು ಅರ್ಥ ಆಗದ ಭಾಷೆಯಲ್ಲಿ ಬರುತ್ತೆ. ನಕಲಿ ಫೋನು ಅಮ್ಮನ ಭಾಷೆಯಲ್ಲಿ ಬರುತ್ತೆ. ಹಾಗಿದ್ದ ಮೇಲೆ ಜನ ಯಾರನ್ನು ನಂಬುತ್ತಾರೆ? 2023ರಲ್ಲಿ "ನಿಮಗೆ 15,490 ರೂಪಾಯಿ ರಿಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ" ಅನ್ನುವ ಮೆಸೇಜು ದೇಶದ ತುಂಬ ಓಡಾಡಿತು. ಅದು ನಕಲಿ ಅಂತ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹೇಳಬೇಕಾಯಿತು. ಮೋಸಗಾರ ಹೊಸದೇನೂ ಹುಟ್ಟಿಸಿಲ್ಲ. ಕಾಯುತ್ತಾ ಕೂತವರ ಗೊಂದಲವನ್ನು ಬಳಸಿಕೊಂಡ, ಅಷ್ಟೆ. ಅತ್ತೆಗೆ ಇಂಗ್ಲಿಷ್ ಮೆಸೇಜಿನ ಒಂದು ಸಾಲು ಅರ್ಥ ಆಗಿದ್ದರೆ ಆ ಫೋನಿಗೆ ಬೆಲೆಯೇ ಇರುತ್ತಿರಲಿಲ್ಲ.

ದೇಶದ ಆದಾಯ ತೆರಿಗೆ ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರ ಎಲ್ಲಿದೆ ಗೊತ್ತಾ? ಬೆಂಗಳೂರಿನಲ್ಲಿ. ಅದನ್ನೇ ಸಿಪಿಸಿ ಅಂತಾರೆ. ಬೆಂಗಳೂರಿನಿಂದ ತಿಪಟೂರಿಗೆ ಬರುವ ಕಾಗದ ಕನ್ನಡದಲ್ಲಿ ಇರಬಾರದೇ? "ಕಾನೂನಿನ ಪದ ಅನುವಾದ ಮಾಡಿದರೆ ಅರ್ಥ ಕೆಡುತ್ತೆ, ಕೋರ್ಟಿನಲ್ಲಿ ತೊಂದರೆ" ಅಂತ ಒಬ್ಬ ತಿಳಿದವರು ನನಗೆ ಹೇಳಿದರು. ಸರಿ, ಒಪ್ಪೋಣ. ಕೆಳಗಿನ ಎರಡು ಪುಟ ಇಂಗ್ಲಿಷಿನಲ್ಲೇ ಇರಲಿ. ಮೇಲೆ ಒಂದೇ ಸಾಲು ಕನ್ನಡದಲ್ಲಿ ಹಾಕಿ: "ನೀವು ಏನೂ ಮಾಡಬೇಕಿಲ್ಲ" ಅಥವಾ "ಇಂಥ ತಾರೀಖಿನೊಳಗೆ ಉತ್ತರ ಕೊಡಿ, ಇಲ್ಲದಿದ್ದರೆ ಇಷ್ಟು ಹಣ ಮುರಿದುಕೊಳ್ಳುತ್ತೇವೆ". ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುತ್ತಲ್ಲ? ಓದು ಬಾರದ ಕೂಲಿಯಾಳಿಗೂ ಕೆಂಪು ಅಂದರೆ ಅತಿ ವಿಷ ಅಂತ ಗೊತ್ತು. ವಿಷದ ಡಬ್ಬಿಗೆ ಇರುವಷ್ಟು ಸೌಜನ್ಯ ರಿಫಂಡ್ ಕಾಗದಕ್ಕೂ ಇರಲಿ.

ಆದರೆ ಎಲ್ಲಾ ತಪ್ಪನ್ನೂ ಆ ಕಡೆಗೆ ತಳ್ಳಿ ಕೂರೋದೂ ಸರಿಯಲ್ಲ. ನಮ್ಮಲ್ಲೂ ಒಂದು ರೋಗ ಇದೆ. ನೋಟಿಸು ಅಂದ ತಕ್ಷಣ ಒಂದೋ ಹೆದರೋದು, ಇಲ್ಲ ಮಡಚಿ ಇಡೋದು. ಎಲೆ ಹಳದಿ ಆದ ತಕ್ಷಣ ಯೂರಿಯಾ ಸುರಿಯುವವರನ್ನು ನೋಡಿ ನಾವು ನಗುತ್ತೀವಿ. ಹಳದಿಗೆ ಕಾರಣ ಸಾರಜನಕವೋ, ಮೆಗ್ನೀಷಿಯಮ್ಮೋ, ಬೇರು ಕೊಳೆತದ್ದೋ, ಮೊದಲು ನೋಡಬೇಕು ಅಂತೀವಿ. ನೋಟಿಸಿಗೂ ಅದೇ ಪಾಠ. ಮೊದಲು ಯಾವ ಜಾತಿ ಅಂತ ಗುರುತಿಸಿ, ಆಮೇಲೆ ಮದ್ದು.

ಯಾವ ನೋಟಿಸು, ಏನು ಮಾಡಬೇಕು

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, ಸೆಕ್ಷನ್ ನಂಬರುಗಳು ಬದಲಾಗಿವೆ. ಹಳೆಯ ವರ್ಷಗಳ ರಿಟರ್ನ್‌ಗೆ ಹಳೆಯ ನಂಬರುಗಳೇ ಇರುತ್ತವೆ. ಕೆಳಗೆ ಹಳೆಯ ನಂಬರ್ ಕೊಟ್ಟಿದ್ದೀನಿ. ನಂಬರ್ ಬದಲಾದರೂ ನೋಟಿಸು ಕೇಳುವ ಪ್ರಶ್ನೆಯನ್ನು ನೋಡಿದರೆ ಜಾತಿ ಗೊತ್ತಾಗುತ್ತೆ.

143(1) ಮಾಹಿತಿ ಪತ್ರ. ಇದು ಹೆದರುವಂಥದ್ದಲ್ಲ, ರಿಟರ್ನ್ ಹಾಕಿದವರಿಗೆ ಬರುವ ಲೆಕ್ಕದ ಚೀಟಿ. ಎರಡು ಕಾಲಂ ಇರುತ್ತೆ: ನೀವು ಹೇಳಿದ ಲೆಕ್ಕ, ಅವರು ಮಾಡಿದ ಲೆಕ್ಕ. ಅಡ್ಡಡ್ಡ ನೋಡುತ್ತಾ ಹೋಗಿ. ಎಲ್ಲಿ ಅಂಕಿ ಬೇರೆಯಾಗುತ್ತೋ ಅಲ್ಲೇ ವಿಷಯ ಇರೋದು. ಕೊನೆಯಲ್ಲಿ ರಿಫಂಡ್, ಬಾಕಿ ಅಥವಾ ಸೊನ್ನೆ. ನೂರು ರೂಪಾಯಿಗಿಂತ ಕಡಿಮೆ ರಿಫಂಡ್ ಕೊಡಲ್ಲ, ನೂರಕ್ಕಿಂತ ಕಡಿಮೆ ಬಾಕಿ ಕೇಳಲ್ಲ. ಲೆಕ್ಕ ತಪ್ಪಾಗಿದ್ದರೆ ತಿದ್ದುಪಡಿಗೆ ಅರ್ಜಿ ಹಾಕಬಹುದು. ಈ ಕಡತ ತೆರೆಯೋಕೆ ಪಾಸ್‌ವರ್ಡ್ ಕೇಳುತ್ತೆ. ಪ್ಯಾನ್ ನಂಬರನ್ನು ಸಣ್ಣ ಅಕ್ಷರದಲ್ಲಿ ಹಾಕಿ, ಅದಕ್ಕೆ ಅಂಟಿದಂತೆ ಹುಟ್ಟಿದ ದಿನಾಂಕವನ್ನು ಎಂಟು ಅಂಕಿಯಲ್ಲಿ ಹಾಕಿ. ನಮ್ಮ ಹಿರಿಯರಿಗೆ ಪ್ಯಾನ್‌ನಲ್ಲಿ ಜನವರಿ 1 ಅಂತಲೋ ಜೂನ್ 1 ಅಂತಲೋ ಇರುತ್ತೆ. ಜಾತಕದ ದಿನ ಹಾಕಿದರೆ ತೆರೆಯಲ್ಲ, ಕಾರ್ಡ್ ನೋಡಿ ಹಾಕಿ.

143(1)(ಎ) ಪ್ರಸ್ತಾವ. "ನಿಮ್ಮ ಲೆಕ್ಕದಲ್ಲಿ ಈ ಬದಲಾವಣೆ ಮಾಡಬೇಕು ಅಂತಿದ್ದೀವಿ, ಏನಂತೀರಿ" ಅನ್ನುವ ಪ್ರಶ್ನೆ ಇದು. 30 ದಿನ ಕೊಡುತ್ತಾರೆ. ಸುಮ್ಮನಿದ್ದರೆ ಅವರು ಹೇಳಿದ್ದೇ ಲೆಕ್ಕ.

139(9) ದೋಷದ ನೋಟಿಸು. ನನಗೆ ಬಂದದ್ದು ಇದೇ. ತಪ್ಪು ಫಾರಂ, ಬಿಟ್ಟುಹೋದ ವಿವರ, ಟಿಡಿಎಸ್ ಕೇಳಿದ್ದೀರಿ ಆದರೆ ಅದರ ಆದಾಯ ತೋರಿಸಿಲ್ಲ, ಇಂಥವು. 15 ದಿನ. ಉತ್ತರ ಕೊಡದಿದ್ದರೆ ರಿಟರ್ನೇ ಹಾಕಿಲ್ಲ ಅಂತ ಲೆಕ್ಕ. ರಿಟರ್ನ್ ಇಲ್ಲ ಅಂದರೆ ರಿಫಂಡೂ ಇಲ್ಲ.

245 ಹೊಂದಾಣಿಕೆ ಪತ್ರ. ಹಳೇ ಬಾಕಿಗೆ ಈಗಿನ ರಿಫಂಡ್ ಮುರಿದುಕೊಳ್ಳುವ ಪತ್ರ. ಮೊದಲು ಯಾವ ವರ್ಷದ ಬಾಕಿ ಅಂತ ನೋಡಿ. ನಿಜವಾದ ಬಾಕಿ ಇದ್ದರೆ ಒಪ್ಪಿಕೊಳ್ಳಿ, ಅಲ್ಲಿಗೆ ಮುಗಿಯುತ್ತೆ. ಇಲ್ಲದಿದ್ದರೆ "ಒಪ್ಪುವುದಿಲ್ಲ" ಅಂತ ಹೇಳಿ ದಾಖಲೆ ಕೊಡಿ. ಎಷ್ಟು ದಿನದೊಳಗೆ ಅನ್ನೋದು ಪತ್ರದಲ್ಲೇ ಇರುತ್ತೆ. ಇಲ್ಲೂ ಮೌನವೇ ಸಮ್ಮತಿ.

ರಿಫಂಡ್ ವಿಫಲ. ಹಣ ಕಳಿಸಿದರು, ಖಾತೆಗೆ ಹೋಗಲಿಲ್ಲ. ನಮ್ಮ ಕಡೆ ಇದು ತುಂಬಾ ಜನಕ್ಕೆ ಆಗುತ್ತೆ, ಕಾರಣವೂ ನಮ್ಮ ರಾಜ್ಯದ್ದೇ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರಲ್ಲಿ ಬೇರೆ ಬ್ಯಾಂಕುಗಳ ಜೊತೆ ಸೇರಿದವು. ಐಎಫ್‌ಎಸ್‌ಸಿ ಕೋಡ್ ಬದಲಾಯಿತು, ಹಳೇ ಪಾಸ್‌ಬುಕ್ ಮಾತ್ರ ಕೈಯಲ್ಲಿ ಉಳಿಯಿತು. ಇನ್ನೊಂದು ಇನಿಷಿಯಲ್ ತೊಂದರೆ. ಪ್ಯಾನ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದಿರುತ್ತೆ, ಬ್ಯಾಂಕಿನಲ್ಲಿ ಬರೀ ಎರಡು ಅಕ್ಷರ. ಹೆಸರು ಹೊಂದದಿದ್ದರೆ ಖಾತೆ ಮಾನ್ಯ ಆಗಲ್ಲ. ಪೋರ್ಟಲ್‌ನಲ್ಲಿ ಮೊದಲೇ ಮಾನ್ಯ ಮಾಡಿದ ಖಾತೆಗೆ ಮಾತ್ರ ರಿಫಂಡ್ ಬರೋದು. ಬ್ಯಾಂಕಿಗೆ ಹೋಗಿ ಹೆಸರು ಸರಿಪಡಿಸಿ, ಖಾತೆ ಮಾನ್ಯ ಮಾಡಿಸಿ, ಆಮೇಲೆ ರಿಫಂಡ್ ಮತ್ತೆ ಕಳಿಸಿ ಅಂತ ಕೋರಿಕೆ ಹಾಕಿ.

143(2) ಅಂತ ಬಂದರೆ ಅದು ವಿವರವಾದ ಪರಿಶೀಲನೆ. ಅಲ್ಲಿ ನೀವೇ ಪ್ರಯೋಗ ಮಾಡಬೇಡಿ, ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಹೋಗಿ.

ಅಸಲಿಯೋ ನಕಲಿಯೋ

2019ರ ಅಕ್ಟೋಬರ್ 1ರಿಂದ ಇಲಾಖೆಯ ನೋಟಿಸುಗಳಿಗೆ ಡಿಐಎನ್ ಅನ್ನುವ ದಾಖಲೆ ಸಂಖ್ಯೆ ಇರಬೇಕು ಅಂತ ನಿಯಮ. ಇಲಾಖೆಯ ಪೋರ್ಟಲ್‌ನ ಮೊದಲ ಪುಟದಲ್ಲೇ ನೋಟಿಸು ಪರೀಕ್ಷಿಸುವ ಜಾಗ ಇದೆ. ಸಂಖ್ಯೆ ಹಾಕಿದರೆ ಅಸಲಿಯೋ ಅಲ್ಲವೋ ತಿಳಿಯುತ್ತೆ, ಲಾಗಿನ್ ಕೂಡ ಬೇಡ. ಇನ್ನೂ ಸುಲಭದ ದಾರಿ: ಮೆಸೇಜಿನ ಲಿಂಕ್ ಒತ್ತಲೇಬೇಡಿ. ನೀವೇ ಪೋರ್ಟಲ್ ತೆರೆದು ಒಳಗೆ ಹೋಗಿ, "ಪೆಂಡಿಂಗ್ ಆಕ್ಷನ್ಸ್" ಅನ್ನುವ ಕಡೆ ನೋಡಿ. ಉತ್ತರ ಕೇಳಿದ ನೋಟಿಸು ಅಲ್ಲಿ ಕಾಣುತ್ತೆ. ರಿಫಂಡ್ ಕೊಡೋಕೆ ಇಲಾಖೆಯವರು ಫೋನ್ ಮಾಡಿ ಓಟಿಪಿ, ಎಟಿಎಂ ಪಿನ್, ಕಾರ್ಡ್ ನಂಬರ್ ಕೇಳಲ್ಲ. ಯಾರು ಎಷ್ಟೇ ಚೆನ್ನಾಗಿ "ಅಮ್ಮಾ, ಅಪ್ಪಾಜಿ" ಅಂದರೂ ಕೇಳಲ್ಲ.

ನಾವು ಮೊದಲೇ ಮಾಡಿಕೊಳ್ಳಬೇಕಾದ್ದು

ರಿಟರ್ನ್ ಯಾರ ಹತ್ತಿರ ಬೇಕಾದರೂ ಹಾಕಿಸಿ, ಇಮೇಲ್ ಮತ್ತು ಮೊಬೈಲ್ ಮಾತ್ರ ನಿಮ್ಮದೋ ಮಕ್ಕಳದೋ ಇರಲಿ. ಪಾಸ್‌ವರ್ಡ್ ಬರೆದು ಪಹಣಿ ಇಡುವ ಜಾಗದಲ್ಲೇ ಇಡಿ.

ರಿಟರ್ನ್ ಹಾಕಿದ 30 ದಿನದೊಳಗೆ ಇ-ವೆರಿಫೈ ಮಾಡಿ. "ಹಾಕಿದ್ದೀನಿ, ಬಂದಿಲ್ಲ" ಅನ್ನುವ ಎಷ್ಟೋ ಜನರದ್ದು ವೆರಿಫೈ ಆಗಿರಲ್ಲ.

ಪ್ಯಾನ್‌-ಆಧಾರ್ ಜೋಡಣೆ ಆಗಿದೆಯಾ ನೋಡಿಕೊಳ್ಳಿ. ಅತ್ತೆ ಆಮೇಲೆ 1,000 ರೂಪಾಯಿ ಶುಲ್ಕ ಕಟ್ಟಿ ಜೋಡಿಸಿದರು, 19,600 ಬಂತು. ಪ್ಯಾನ್ ನಿಷ್ಕ್ರಿಯವಾಗಿದ್ದ ಕಾಲಕ್ಕೆ ಬಡ್ಡಿ ಸಿಗಲಿಲ್ಲ. ಮಾಮೂಲಾಗಿ ಸಮಯಕ್ಕೆ ರಿಟರ್ನ್ ಹಾಕಿದವರಿಗೆ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಸೇರಿಸಿ ಕೊಡುತ್ತಾರೆ, ತಡ ನಮ್ಮಿಂದ ಆಗಿದ್ದರೆ ಆ ಅವಧಿಗೆ ಇಲ್ಲ.

ಬ್ಯಾಂಕಿನ ಬಡ್ಡಿ ಬಿಟ್ಟು ಬೇರೆ ತೆರಿಗೆ ಆದಾಯ ಇಲ್ಲದ ಹಿರಿಯರಿಗೆ ವರ್ಷದ ಶುರುವಿನಲ್ಲೇ, ಏಪ್ರಿಲ್‌ನಲ್ಲಿ, "ತೆರಿಗೆ ಹಿಡಿಯಬೇಡಿ" ಅನ್ನುವ ಘೋಷಣೆ ಬ್ಯಾಂಕಿಗೆ ಕೊಡಿಸಿ. ಹಿಡಿಯದಿದ್ದರೆ ರಿಫಂಡಿನ ತಾಪತ್ರಯವೇ ಇಲ್ಲ.

ಕೊನೆಯದು ನಮ್ಮ ಸಾವಯವ ಬೆಳೆಗಾರರಿಗೆ. ಪ್ರಮಾಣೀಕರಣಕ್ಕೆ ನಾವು ತೋಟದ ಡೈರಿ ಬರೀತೀವಲ್ಲ? ಯಾವ ತಾಕಿನಲ್ಲಿ ಏನು ನೆಟ್ಟೆವು, ಯಾವಾಗ ಕಟಾವು, ಎಷ್ಟು ಕೆಜಿ, ಯಾರಿಗೆ ಮಾರಿದೆವು. ಸುಮಾರು ಜನ ಅದನ್ನು ತಪಾಸಣೆಗೆ ಬರುವ ಹಿಂದಿನ ದಿನ ಕೂತು ತುಂಬಿಸ್ತಾರೆ, ಸುಳ್ಳು ಹೇಳಲ್ಲ, ನಾನೂ ಮಾಡಿದ್ದೀನಿ. ಆದರೆ "ಇದು ಕೃಷಿ ಆದಾಯ ಅಂತ ಏನು ಸಾಕ್ಷಿ" ಅಂತ ಯಾರಾದರೂ ಕೇಳಿದರೆ ಅದೇ ಡೈರಿ, ಅದರ ಜೊತೆ ಮಂಡಿಯ ಬಿಲ್ಲು, ಪಹಣಿ ಇವೇ ನಮ್ಮ ಉತ್ತರ. ನಿವ್ವಳ ಕೃಷಿ ಆದಾಯ 5 ಲಕ್ಷ ದಾಟಿದರೆ ಜಮೀನಿರುವ ಜಿಲ್ಲೆ, ಪಿನ್‌ಕೋಡ್, ವಿಸ್ತೀರ್ಣ, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಖುಷ್ಕಿಯೋ ಅಂತ ರಿಟರ್ನ್‌ನಲ್ಲೇ ಕೇಳುತ್ತಾರೆ. ದಿನದ ಡೈರಿ ದಿನ ಬರೆದವನಿಗೆ ಇದು ಐದು ನಿಮಿಷದ ಕೆಲಸ.

ಊರಿಗೊಬ್ಬ ಓದುವವನು

ಇಲಾಖೆ ಕನ್ನಡದ ಒಂದು ಸಾಲು ಹಾಕುವವರೆಗೆ ನಾವೇನು ಮಾಡೋಣ? ನನ್ನ ಸಲಹೆ ಇದು. ರೈತ ಉತ್ಪಾದಕ ಕಂಪನಿಗಳಿಗೆ ಹೇಗೂ ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ ಮಾಡೋಕೆ ಅಕೌಂಟೆಂಟ್ ಇರುತ್ತಾರೆ. ತಿಂಗಳಿಗೆ ಅರ್ಧ ದಿನ ಸದಸ್ಯರ ನೋಟಿಸು ಓದಿ ಹೇಳೋಕೆ ಅವರನ್ನು ಕೂರಿಸಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬೀಜ, ಗೊಬ್ಬರದ ಜೊತೆ ಈ ಮಾಹಿತಿಯೂ ಸಿಗಲಿ. ಇದಕ್ಕೆ ದೊಡ್ಡ ಯೋಜನೆ ಬೇಡ. ಒಂದು ಮೇಜು, ಒಂದು ಕಂಪ್ಯೂಟರ್, ತಾಳ್ಮೆ ಇರುವ ಒಬ್ಬ ಮನುಷ್ಯ ಸಾಕು.

ಅದೂ ಆಗೋವರೆಗೆ ಮನೆಯಲ್ಲಿ ಓದಿದ ನಾವೇ ಆ ಮನುಷ್ಯ ಆಗಬೇಕು. ನಾನೀಗ ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಒಂದು ಗಂಟೆ ಜಗಲಿಯಲ್ಲಿ ಕೂರ್ತೀನಿ. ಅಕ್ಕಪಕ್ಕದವರು ಫೋನು, ಕಾಗದ ತಗೊಂಡು ಬರ್ತಾರೆ. ಹತ್ತರಲ್ಲಿ ಏಳು ಏನೂ ಮಾಡಬೇಕಿಲ್ಲದ ಕಾಗದ. ಎರಡಕ್ಕೆ ಉತ್ತರ ಬರೀಬೇಕು. ಒಂದು ನಕಲಿ. ಮೊದಲು ಬಂದು ಕೂರೋದು ಅತ್ತೆಯೇ. ಕಾಗದ ಇಲ್ಲದಿದ್ದರೂ ಬರ್ತಾರೆ, "ಈ ವಾರ ಏನೂ ಬಂದಿಲ್ಲ ಕಣೋ" ಅಂತ ಹೇಳೋಕೆ.

ನಿಮ್ಮ ಮನೆಯಲ್ಲೂ ಯಾರಾದರೂ ಫೋನ್ ಹಿಡಿದುಕೊಂಡು "ಇದೇನೋ ಬಂದಿದೆ, ನೋಡು" ಅಂದರೆ, ಗಾಡಿ ಕಾಯಲಿ, ಕಟಾವು ಹತ್ತು ನಿಮಿಷ ನಿಲ್ಲಲಿ. ಆಗಲೇ ಓದಿ ಹೇಳಿ.